ಶಾರದಾ ಎಂಥಾ ಸ್ವಭಾವದಾಕಿ?

(ಸಂಘದ ವಾರ್ಷಿಕೋತ್ಸವದಲ್ಲಿ ಆಡಿದ ಮಾತು, ಬರಹಕ್ಕೆ ಇಳಿಸಿದ್ದು)



ಈ ಸಲ ನನಗೆ ವಿಷಯ ಕೊಟ್ಟವರು ನಮ್ಮ ಕಾಲೇಜಿನ ಹುಡುಗರು, ಹುಡುಗಿಯರು. ಅವರ ಮೊಬೈಲಿನಲ್ಲಿ ಒಂದು ಪರೀಕ್ಷೆ ಇದೆಯಂತೆ. ಒಂದಿಷ್ಟು ಪ್ರಶ್ನೆಗೆ ಉತ್ತರ ಒತ್ತಿದರೆ, ನೀವು ಎಂಥ ಸ್ವಭಾವದ ಮನುಷ್ಯ ಅಂತ ನಾಲ್ಕು ಅಕ್ಷರದಲ್ಲಿ ಹೇಳಿಬಿಡುತ್ತದೆ. ತಮ್ಮದು ನೋಡಿಕೊಂಡರು, ಗೆಳೆಯರದು ನೋಡಿದರು, ಆಮೇಲೆ ಕಥೆಯೊಳಗಿನ ಮಂದಿಗೂ ಅಕ್ಷರ ಹಚ್ಚಲಿಕ್ಕೆ ಕೂತರು. ಹಂಗ ಬಂದವಳು ಶಾರದಾ. ನಮ್ಮ ಹರಿಪುರದ ಗೋವಿಂದ ಬಲ್ಲಾಳ ದೇವಲರು ಬರೆದ 'ಸಂಗೀತ ಶಾರದಾ' ನಾಟಕದ ಶಾರದಾ. ಆಕಿ ಎಂಥಾ ಸ್ವಭಾವದಾಕಿ ಅನ್ನೋದರ ಮ್ಯಾಲೆ ಮೂರು ಪಂಗಡ ಆಗಿ ಇನ್ನೂ ವಾದ ಮುಗಿದಿಲ್ಲ. "ಮಾವಾ, ನೀವಽ ಒಂದು ಮಾತು ಹೇಳಿ ಮುಗಸ್ರಿ" ಅಂದರು.

ಮುಗಿಸಲಿಕ್ಕೆ ನಾನು ಬಂದಿಲ್ಲ. ಆದರೆ ಈ ವಾದ ಚಲೋ ವಾದ. ಮೇಲಿಂದ ನೋಡಿದರೆ ಆಟ ಕಾಣುತ್ತದೆ, ಒಳಗೆ ನಮ್ಮ ಮನೆ-ಮನೆಯ ಪ್ರಶ್ನೆ ಇದೆ. ಅದಕ್ಕೇ ಸ್ವಲ್ಪ ವಿವರವಾಗಿ ಮಾತಾಡುತ್ತೇನೆ.

ಮೊದಲು ಕಥೆ ಗೊತ್ತಿಲ್ಲದವರಿಗೆ ಕಥೆ. ನಮ್ಮ ಊರು ಯಾವುದಕ್ಕೆ ಹೆಸರು ಅಂತ ಕೇಳಿದರೆ ಜನ ಮೂರು ಹೇಳುತ್ತಾರೆ. ಕೃಷ್ಣೆ-ವಾರಣೆ ಕೂಡುವ ಸಂಗಮೇಶ್ವರ ಗುಡಿ ಒಂದು, ಅರಿಷಿಣ ತುಂಬಿಡುವ ಹಗೇವು ಒಂದು, ದೇವಲರು ಒಂದು. ದೇವಲರು ಹುಟ್ಟಿದ್ದು 1855ರಲ್ಲಿ. ಕಲಿಯಲಿಕ್ಕೆ ಬೆಳಗಾವಿಗೆ ಹೋದರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕವರು ಅಣ್ಣಾಸಾಹೇಬ ಕಿರ್ಲೋಸ್ಕರ. ಅವರು ಸವದತ್ತಿ ಕಡೆಯ ಗುರ್ಲಹೊಸೂರಿನವರು, ಅಂದರೆ ಕನ್ನಡದ ನೆಲದವರು. ಸಾಂಗ್ಲಿಯ ರಂಗಭೂಮಿಗೆ ಕನ್ನಡದ ನಂಟು ಅದಕ್ಕೂ ಹಿಂದಿನದು. 1843ರಲ್ಲಿ ವಿಷ್ಣುದಾಸ ಭಾವೆ ಅವರು ಸಾಂಗ್ಲಿಯಲ್ಲಿ 'ಸೀತಾ ಸ್ವಯಂವರ' ಆಡಿಸಿದ್ದು ಕರ್ನಾಟಕದಿಂದ ಬಂದ ಭಾಗವತರ ಆಟ ನೋಡಿದ ಮೇಲೆ. ಹಿಂಗಾಗಿ ಮನೆಯಲ್ಲಿ ಕನ್ನಡ, ಬಜಾರಿನಲ್ಲಿ ಮರಾಠಿ ಆಡುವ ನಮಗೆ ಶಾರದಾ ಪರಕೀಯಳಲ್ಲ.

ನಾಟಕ ಮೊದಲು ರಂಗಕ್ಕೆ ಬಂದದ್ದು 1899ರ ಜನವರಿಯಲ್ಲಿ, ಇಂದೂರಿನಲ್ಲಿ. ಪುರಾಣದ ರಾಜ-ರಾಣಿಯರನ್ನು ಬಿಟ್ಟು ಸಮಾಜದ ಹುಣ್ಣನ್ನು ಹಿಡಿದು ಹೆಸರಾದ ಸಂಗೀತ ನಾಟಕ ಅದು. ಭುಜಂಗನಾಥ ಅಂತ ಒಬ್ಬ ಸಾಹುಕಾರ. ವಯಸ್ಸು ಎಪ್ಪತ್ತೈದು. ಹೆಂಡತಿ ಸತ್ತಾಳ, ಇನ್ನೊಂದು ಮದುವೆ ಆಗಬೇಕು ಅಂತಾನ. ಭದ್ರೇಶ್ವರ ದೀಕ್ಷಿತ ಅನ್ನೋ ದಲ್ಲಾಳಿ ಸಂಬಂಧ ಹುಡುಕುತ್ತಾನೆ. ಕಾಂಚನಭಟ್ಟ ಅನ್ನೋ ಬ್ರಾಹ್ಮಣ ರೊಕ್ಕದ ಆಸೆಗೆ ತನ್ನ ಸಣ್ಣ ಮಗಳು ಶಾರದಾನ ಕೊಡಲಿಕ್ಕೆ ಒಪ್ಪುತ್ತಾನೆ. ತಾಯಿ ಇಂದಿರಾಕಾಕುಗೆ ಮನಸ್ಸಿಲ್ಲ, ಗಂಡನ ಮುಂದೆ ಆಕಿ ಮಾತು ನಡೆಯೋದಿಲ್ಲ. ಕೋದಂಡ ಅನ್ನೋ ತರುಣ ಈ ಮದುವೆ ತಪ್ಪಿಸಲಿಕ್ಕೆ ಓಡಾಡುತ್ತಾನೆ. ಕೊನೆಗೆ ವರನದೂ ಕನ್ಯೆಯದೂ ಒಂದೇ ಗೋತ್ರ ಅಂತ ಗೊತ್ತಾಗಿ ಮದುವೆ ಮುರಿಯುತ್ತದೆ. ಶಾರದಾ ಹೊಳಿಗೆ ಹಾರಿಕೊಳ್ಳಲಿಕ್ಕೆ ಹೋಗುತ್ತಾಳೆ. ಕೋದಂಡ ಉಳಿಸುತ್ತಾನೆ. ಶಂಕರಾಚಾರ್ಯರ ಒಪ್ಪಿಗೆಯಿಂದ ಇಬ್ಬರ ಮದುವೆ ಆಗುತ್ತದೆ.

ಇನ್ನು ಹುಡುಗರ ಪರೀಕ್ಷೆಯ ವಿಷಯ. ಅದರ ಮೂಲ ಸ್ವಿಟ್ಜರ್ಲೆಂಡಿನ ಮನೋವೈದ್ಯ ಕಾರ್ಲ್ ಯುಂಗ್ 1921ರಲ್ಲಿ ಬರೆದ ಪುಸ್ತಕ. ಅಮೇರಿಕಾದ ತಾಯಿ-ಮಗಳು ಇಬ್ಬರು, ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಾಬೆಲ್ ಬ್ರಿಗ್ಸ್ ಮಾಯರ್ಸ್, ಅದನ್ನು ಓದಿ ಪ್ರಶ್ನೆಪತ್ರಿಕೆ ಮಾಡಿದರು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಹೊಸದಾಗಿ ಕೆಲಸಕ್ಕೆ ಬರುವ ಹೆಣ್ಣುಮಕ್ಕಳಿಗೆ ಯಾವ ಕೆಲಸ ಒಗ್ಗೀತು ಅಂತ ನೋಡಲಿಕ್ಕೆ ಅನುಕೂಲ ಆಗಲಿ ಅಂತ ಅದನ್ನು ಬೆಳೆಸಿದರು. ನಾಲ್ಕು ಪ್ರಶ್ನೆ ಅದರ ಬುನಾದಿ. ನಿಮಗೆ ಹುರುಪು ಬರೋದು ನಾಲ್ಕು ಮಂದಿಯೊಳಗೋ, ಒಬ್ಬರೇ ಇದ್ದಾಗಲೋ? ಕಣ್ಣಿಗೆ ಕಂಡದ್ದನ್ನು ಹಿಡಿಯುತ್ತೀರೋ, ಅದರ ಹಿಂದಿನ ಅರ್ಥವನ್ನೋ? ನಿರ್ಧಾರ ಮಾಡೋದು ಲೆಕ್ಕ ಹಾಕಿಯೋ, ಮನಸ್ಸು ಹೇಳಿದಂತೆಯೋ? ಮೊದಲೇ ಗೊತ್ತು ಮಾಡಿಕೊಂಡು ನಡೆಯುತ್ತೀರೋ, ಬಂದದ್ದಕ್ಕೆ ಹೊಂದಿಕೊಂಡೋ? ಎರಡೆರಡು ಉತ್ತರದಂತೆ ಒಟ್ಟು ಹದಿನಾರು ನಮೂನೆಯ ಮನುಷ್ಯರು. ಇಂದು ಪರೀಕ್ಷೆ ಕೊಟ್ಟವರು ಕೆಲವು ವಾರ ಬಿಟ್ಟು ಮತ್ತೆ ಕೊಟ್ಟರೆ ಸಾಕಷ್ಟು ಮಂದಿಗೆ ಬೇರೆ ಅಕ್ಷರ ಬರುತ್ತವೆ. ಆದ್ದರಿಂದ ಮನೋವಿಜ್ಞಾನದ ಪಂಡಿತರಲ್ಲಿ ಬಹಳಷ್ಟು ಜನ ಇದನ್ನು ಗಟ್ಟಿ ಅಳತೆ ಅಂತ ಒಪ್ಪೋದಿಲ್ಲ. ಆದರೂ ಹುಡುಗರಿಗೆ ತಮ್ಮ ಬಗ್ಗೆ, ಗೆಳೆಯರ ಬಗ್ಗೆ ಮಾತಾಡಲಿಕ್ಕೆ ಅದೊಂದು ನೆಪ. ನೆಪ ಚಲೋದೇ.

ಈಗ ಮೂರು ಪಂಗಡದ ವಾದ ಕೇಳಿ.

ಒಂದು ಪಂಗಡ ಹೇಳೋದು: "ಶಾರದಾ ಐ.ಎಸ್.ಎಫ್.ಜೆ. ಒಳಗೊಳಗೇ ಇರುವಾಕಿ, ಕರ್ತವ್ಯ ಬಿಡದಾಕಿ. ಅಪ್ಪ ಕೊಟ್ಟಲ್ಲಿ ಹೋಗಿ ಮಂಟಪದಾಗ ನಿಂತಳು. ಮನಸ್ಸಿನ್ಯಾಗ ಬ್ಯಾಡ ಇದ್ದರೂ ಮನಿತನದ ಮರ್ಯಾದಿ ಕಾಯ್ದಳು."

ಎರಡನೆಯ ಪಂಗಡ: "ಅಲ್ಲ, ಆಕಿ ಐ.ಎನ್.ಎಫ್.ಪಿ. ಕನಸು ಕಾಣುವಾಕಿ. ಭಾವನೆ ತಡಕೊಳ್ಳಲಿಕ್ಕೆ ಆಗದೆ ಹೊಳಿಗೆ ಹೋದಳು. ಲೆಕ್ಕ ಹಾಕುವ ಹುಡುಗಿ ಆಗಿದ್ದರೆ, ಮದುವಿ ಮುರೀತಲ್ಲ, ಪಾರಾದೆ ಅಂತ ಖುಷಿ ಪಡತಿದ್ದಳು."

ಮೂರನೆಯ ಪಂಗಡ ಹೆಚ್ಚಾಗಿ ನಮ್ಮ ಹುಡುಗಿಯರದು. ಅವರ ಮಾತು ಕಟುವಾಗಿದೆ: "ಯಾವ ಟೈಪೂ ಇಲ್ಲ. ಆಕಿಗೆ ಗಟ್ಟಿತನಾನೇ ಇಲ್ಲ. ಎಲ್ಲಾ ಬ್ಯಾರೆಯವರೇ ಮಾಡ್ಯಾರ. ಮಾರಿದಾಂವ ಅಪ್ಪ, ಬಿಡಿಸಿದಾಂವ ಕೋದಂಡ, ಒಪ್ಪಿಗಿ ಕೊಟ್ಟಾಂವ ಗುರು. ಆಕಿ ಅತ್ತದ್ದೊಂದೇ."

ಮೂವರ ಹತ್ತಿರವೂ ನಾಟಕದಿಂದ ಸಾಕ್ಷಿ ಇದೆ. ಯಾರೂ ಸುಳ್ಳು ಹೇಳುತ್ತಿಲ್ಲ. ಹಂಗಾದರೆ ಶಾರದಾ ಮಾಡಿದ ಒಂದೊಂದು ನಿರ್ಧಾರವನ್ನೂ ತೆಗೆದು ನೋಡೋಣ.

ಮೊದಲನೆಯದು, ಭಯವನ್ನು ಬಾಯಿಬಿಟ್ಟು ಹೇಳಿದ್ದು. ಗೆಳತಿ ವಲ್ಲರಿ ಮುದುಕ ಗಂಡನ ಬಗ್ಗೆ ಚೇಷ್ಟೆ ಮಾಡಿ ಹಾಡುತ್ತಾಳೆ. ಸಾಹುಕಾರನ ರಾಣಿ ಆಗುತ್ತೀ ಅಂತ ಕೆಣಕುತ್ತಾಳೆ. ಶಾರದಾಗೆ ನಗೆ ಬರೋದಿಲ್ಲ. ಆ ಮುದುಕನನ್ನು ಕಂಡಾಗ ತನಗೆ ಎಂಥಾ ಅಂಜಿಕೆ ಆಯಿತು ಅನ್ನೋದನ್ನ ಆಕಿ ಹಾಡಿನಲ್ಲಿ ಹೇಳುತ್ತಾಳೆ. ಆ ಹಾಡುಗಳು ಇವತ್ತಿಗೂ ಸಾಂಗ್ಲಿ-ಮಿರಜದ ಹಿರಿಯರ ನಾಲಗೆಯ ಮೇಲಿವೆ. ಈಗ ಹೇಳಿ, ಒಳಗೊಳಗೇ ಇಟ್ಟುಕೊಳ್ಳುವ ಹುಡುಗಿ ಇಷ್ಟು ಹೇಳುತ್ತಾಳೇನು? ಮೌನ ಆಕಿಯ ಸ್ವಭಾವ ಅಲ್ಲ. ಆಕಿ ಮಾತಾಡ್ಯಾಳ. ನಾಟಕಶಾಲೆಯ ಸಾವಿರ ಮಂದಿ ಕೇಳ್ಯಾರ. ಮನೆಯೊಳಗಿನ ಒಬ್ಬ ಮನುಷ್ಯ, ಯಾರ ಮಾತು ನಡೆಯುತ್ತಿತ್ತೋ ಆ ಮನುಷ್ಯ, ಕೇಳಲಿಲ್ಲ.

ಎರಡನೆಯದು, ಮಂಟಪದಲ್ಲಿ ನಿಂತದ್ದು. ಇದನ್ನು ಕರ್ತವ್ಯ ಅನ್ನುತ್ತೀರಿ. ನಿರ್ಧಾರ ಅನ್ನಬೇಕಾದರೆ ಕನಿಷ್ಠ ಎರಡು ದಾರಿ ಇರಬೇಕು. ಆಕಿಗೆ ಇದ್ದದ್ದು ಎಷ್ಟು ದಾರಿ? ಕಾನೂನು ಆಗ ಇರಲಿಲ್ಲ. ಮದುವೆಗೆ ಇಂತಿಷ್ಟು ವಯಸ್ಸು ಆಗಿರಬೇಕು ಅಂತ ಬ್ರಿಟಿಷ್ ಹಿಂದುಸ್ತಾನದಲ್ಲಿ ಕಾನೂನು ಬಂದದ್ದು 1929ರಲ್ಲಿ, ಜಾರಿಗೆ ಬಂದದ್ದು 1930ರ ಏಪ್ರಿಲ್ 1ಕ್ಕೆ. ಹುಡುಗಿಗೆ ಹದಿನಾಲ್ಕು, ಹುಡುಗನಿಗೆ ಹದಿನೆಂಟು. ಜನ ಅದನ್ನು 'ಶಾರದಾ ಕಾಯ್ದೆ' ಅಂದರು. ದೇವಲರ ಶಾರದಾನ ಹೆಸರೇ ಇಟ್ಟಾರ ಅಂತ ನಮ್ಮ ಕಡೆ ಈಗಲೂ ತಿಳಿದವರಿದ್ದಾರೆ. ನಿಜವಾಗಿ ಅದು ಮಸೂದೆ ತಂದ ಅಜ್ಮೇರದ ಹರಬಿಲಾಸ ಸಾರಡಾ ಅವರ ಮನೆತನದ ಹೆಸರು. ಆದರೆ ನಮ್ಮ ಹಿರಿಯರಿಗೆ ಆ ಹೆಸರು ಕೇಳಿದ ಕೂಡಲೇ ಹರಿಪುರದ ಶಾರದಾ ನೆನಪಾದಳು ಅಂದ್ರ, ಆಕಿ ಎಷ್ಟು ಮಂದಿಯ ಮನಸ್ಸಿನಲ್ಲಿ ಕೂತಿದ್ದಳು ನೋಡಿ. ಇರಲಿ, ಮಂಟಪಕ್ಕೆ ಬರುವಾಗ ಆಕಿಯ ಕೈಯಲ್ಲಿ ಕಾನೂನಿಲ್ಲ, ರೊಕ್ಕ ಇಲ್ಲ, ಅಕ್ಷರದ ಬಲ ಇಲ್ಲ, ಹೋಗಿ ನಿಲ್ಲಲಿಕ್ಕೆ ಒಂದು ಮನಿ ಇಲ್ಲ.

ಮತ್ತೆ ಮದುವೆ ಮುರಿದದ್ದಾದರೂ ಯಾಕೆ? ಇದನ್ನು ನಮ್ಮ ಹುಡುಗರು ಗಮನಿಸಬೇಕು. ಹುಡುಗಿ ಬ್ಯಾಡ ಅಂದಳು ಅಂತ ಮುರಿಯಲಿಲ್ಲ. ವರನಿಗೆ ಎಪ್ಪತ್ತೈದು ವರ್ಷ ಅಂತ ಮುರಿಯಲಿಲ್ಲ. ರೊಕ್ಕಕ್ಕೆ ಮಾರಾಟ ಆಯಿತು ಅಂತಲೂ ಅಲ್ಲ. ಒಂದೇ ಗೋತ್ರ ಅಂತ ಮುರಿಯಿತು. ಅಕಸ್ಮಾತ್ ಭುಜಂಗನಾಥನ ಗೋತ್ರ ಬೇರೆ ಇದ್ದಿದ್ದರೆ? ಅಕ್ಷತೆ ಬೀಳುತ್ತಿತ್ತು, ಶಾಸ್ತ್ರಕ್ಕೆ ಏನೂ ತೊಂದರೆ ಆಗುತ್ತಿರಲಿಲ್ಲ. ದೇವಲರು ಬ್ರಾಹ್ಮಣ ಸಮಾಜದ ಒಳಗೆ ನಿಂತು ಆ ಸಮಾಜಕ್ಕೇ ಕನ್ನಡಿ ಹಿಡಿದ ಧೈರ್ಯವಂತರು, ಅದಕ್ಕೆ ಅವರಿಗೆ ನಮಸ್ಕಾರ. ಆದರೆ ಆಕಿಯನ್ನು ಬಿಡಿಸಲಿಕ್ಕೆ ಅವರಿಗೆ ಸಿಕ್ಕದ್ದೂ ಶಾಸ್ತ್ರದ ಒಂದು ಸಂದು. ಆ ಸಗೋತ್ರದ ಅಡ್ಡಿಯೂ 1946ರ ಕಾನೂನಿನಿಂದ ಹೋಯಿತು. ಇವತ್ತು ಆಕಿಗೆ ಆಸರೆ ಆಗಬೇಕಾದದ್ದು ವಯಸ್ಸು, ಒಪ್ಪಿಗೆ, ಕಾನೂನು.

ಮೂರನೆಯದು ಹೊಳಿ. "ಪಾರಾದೆ ಅಂತ ಖುಷಿ ಪಡಬೇಕಿತ್ತು" ಅನ್ನುತ್ತೀರಿ. ತಮ್ಮಾ, ಆಗಿನ ಲೆಕ್ಕ ಹಾಕಿ ನೋಡು. ಮಂಟಪದಿಂದ ಎದ್ದು ಬಂದ ಹುಡುಗಿಯನ್ನು ಇನ್ನೊಬ್ಬ ಮದುವೆ ಆಗೋದಿಲ್ಲ. ಅಪ್ಪನ ಮನೆಯಲ್ಲಿ ಆಕಿ ಭಾರ. ಊರ ಬಾಯಿಗೆ ಆಕಿ ಅಪಶಕುನ. ಆ ಸಮಾಜದೊಳಗೆ ಬ್ಯಾರೆ ಬದುಕೇ ಇಲ್ಲದ ಹುಡುಗಿ ಆಕಿ. ತಲೆ ಕೆಟ್ಟು ಓಡಿದಳು ಅನ್ನುವವರೂ ಆಕಿ ಮುಂದೆ ಯಾವ ದಾರಿ ಇತ್ತು ಅಂತ ತೋರಿಸಲಿಕ್ಕೆ ಆಗೋದಿಲ್ಲ. ಆಕಿ ಮಾಡಿದ್ದು ಸರಿ ಅಂತ ನಾನು ಹೇಳುತ್ತಿಲ್ಲ. ಜೀವ ತೆಗೆದುಕೊಳ್ಳೋದು ಯಾವ ಕಷ್ಟಕ್ಕೂ ಔಷಧ ಅಲ್ಲ. ನಾನು ಹೇಳೋದು ಇಷ್ಟೇ, ಅದನ್ನು 'ಭಾವುಕ ಸ್ವಭಾವ' ಅಂತ ಬರೆದು ಬಿಟ್ಟರೆ ಬಾಗಿಲು ಹಾಕಿದವರೆಲ್ಲ ಪಾರಾಗಿಬಿಡುತ್ತಾರೆ.

ನಾಲ್ಕನೆಯದು ಕೋದಂಡನಿಗೆ ಒಪ್ಪಿದ್ದು. ಇದು ಪ್ರೇಮವೋ, ಉಪಕಾರದ ಋಣವೋ, ಬೇರೆ ಗತಿ ಇಲ್ಲದ್ದೋ? ಇದರ ಮೇಲೆ ನೀವು ಇನ್ನೂ ಒಂದು ವರ್ಷ ವಾದ ಮಾಡಬಹುದು. ಆದರೆ ಒಂದು ನೆನಪಿಡಿ. ಆಕಿಯ ಮಾತು ಬರೆದದ್ದು ಗಂಡಸು, ಆಗಿನ ಪದ್ಧತಿಯಂತೆ ಸೀರೆ ಉಟ್ಟು ಆ ಪಾತ್ರ ಮಾಡಿದವರೂ ಗಂಡಸರೇ. ಬಾಲಗಂಧರ್ವರೂ ಶಾರದಾ ಆಗಿದ್ದರು. ಒಬ್ಬ ಹೆಣ್ಣುಮಗಳು ಈ ಕಥೆ ಬರೆದಿದ್ದರೆ ಹೊಳಿಯ ದಂಡೆಯಲ್ಲಿ ಶಾರದಾ ಏನು ಹೇಳುತ್ತಿದ್ದಳೋ.

ಈಗ ಇದೇ ಮಾತನ್ನು ಪರೀಕ್ಷೆಗೆ ಹಚ್ಚೋಣ. ಶಾರದಾ ರಂಗಕ್ಕೆ ಬಂದ ಅದೇ 1899ರಲ್ಲಿ ಮಂಗಳೂರಿನಲ್ಲಿ ಒಂದು ಕನ್ನಡ ಕಾದಂಬರಿ ಅಚ್ಚಾಯಿತು, ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ'. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಅಂತ ಅದಕ್ಕೆ ಹೆಸರು. ಇಂದಿರಾ ಬಾಲವಿಧವೆ. ಆಕಿಯೂ ಬ್ರಾಹ್ಮಣರ ಹುಡುಗಿ, ಆಕಿಗೂ ಅಪ್ಪ-ಅವ್ವನ ಮನೆಯಲ್ಲೇ ಸಂಕಟ. ಸಂತರ ವೇಷದ ಢೋಂಗಿಗಳು ಮನೆಗೆ ಬರುತ್ತಾರೆ, ಅವರ ಕಣ್ಣು ಆಕಿಯ ಮೇಲೆ. ಇಂದಿರಾ ಏನು ಮಾಡಿದಳು? ಮನೆ ಬಿಟ್ಟಳು. ಸುಧಾರಕ ಅಮೃತರಾಯರ ಮನೆ ಸೇರಿದಳು, ಶಾಲೆ ಕಲಿತಳು, ತಾನು ಒಪ್ಪಿದವನ ಜೊತೆ ಮರುಮದುವೆ ಆದಳು.

ಒಬ್ಬಾಕಿ ಹೊಳಿಗೆ ಹೋದಳು, ಇನ್ನೊಬ್ಬಾಕಿ ಇನ್ನೊಂದು ಮನೆಗೆ ಹೋದಳು. ನಿಮ್ಮ ಪರೀಕ್ಷೆ ಇಬ್ಬರಿಗೂ ಬೇರೆ ಬೇರೆ ಅಕ್ಷರ ಕೊಡುತ್ತದೆ: ಇಂದಿರಾ ಗಟ್ಟಿ, ಶಾರದಾ ಮೆತ್ತಗೆ. ನನ್ನ ಕಣ್ಣಿಗೆ ಮೊದಲು ಕಾಣೋದು ಬೇರೆ. ಇಂದಿರಾಳ ಊರಿನಲ್ಲಿ ಅಮೃತರಾಯರ ಮನೆ ಇತ್ತು, ಬಾಗಿಲು ಬಡಿದರೆ ತೆಗೆಯುವ ಮನೆ. ಶಾರದಾಳ ಊರಿನಲ್ಲಿ ಅಂಥ ಮನೆ ಇರಲಿಲ್ಲ. ಅಂಜಿಕೆ ಇಬ್ಬರಿಗೂ ಒಂದೇ. ಕಾಲು ಹೋದ ದಿಕ್ಕು ಬೇರೆ, ಯಾಕಂದ್ರ ತೆರೆದ ಬಾಗಿಲು ಬೇರೆ.

ಇವು ಕಥೆ ಅಂದಿರಿ. ನಿಜದ ಹೆಣ್ಣುಮಗಳು ಬೇಕೇನು? ಮುಂಬಯಿಯ ರುಖ್ಮಾಬಾಯಿಯನ್ನು ನೋಡಿ. ಹನ್ನೊಂದು ವರ್ಷಕ್ಕೆ ಮದುವೆ ಮಾಡಿದ್ದರು. ಬೆಳೆದ ಮೇಲೆ ಗಂಡನ ಮನೆಗೆ ಹೋಗೋದಿಲ್ಲ ಅಂದಳು. ಗಂಡ 1884ರಲ್ಲಿ ಕೋರ್ಟಿಗೆ ಹೋದ. 1887ರಲ್ಲಿ ಕೋರ್ಟು, ಗಂಡನ ಹತ್ತಿರ ಹೋಗು, ಇಲ್ಲವೇ ಆರು ತಿಂಗಳು ಜೇಲು ಅಂದಿತು. ಜೇಲಿಗೇ ಹೋಗತೇನಿ ಅಂದಳು ಆಕಿ. ಆಮೇಲೆ ವ್ಯಾಜ್ಯ ರಾಜಿಯಾಯಿತು, ಆಕಿ ಲಂಡನ್ನಿಗೆ ಹೋಗಿ ಡಾಕ್ಟರ್ ಆಗಿ ಬಂದಳು. ಆಕಿ ಧೈರ್ಯದ ಹುಡುಗಿ, ಇಲ್ಲ ಅನ್ನೋರು ಯಾರು? ಆದರೆ ಆಕಿಯ ಹಿಂದೆ ಮಲತಂದೆ ಡಾಕ್ಟರ್ ಸಖಾರಾಮ ಅರ್ಜುನ ನಿಂತಿದ್ದರು, ಪುಸ್ತಕ ಇದ್ದವು, ಆಕಿಯ ಪತ್ರ ಅಚ್ಚು ಹಾಕುವ ಪತ್ರಿಕೆ ಇತ್ತು. ಆಕಿಗೆ ಹುಟ್ಟಿನಿಂದ ಎಷ್ಟು ಧೈರ್ಯ ಇತ್ತೋ ಗೊತ್ತಿಲ್ಲ. ಇದ್ದ ಧೈರ್ಯಕ್ಕೆ ನಿಲ್ಲಲಿಕ್ಕೆ ನೆಲ ಸಿಕ್ಕಿತ್ತು.

ಇಷ್ಟು ಯಾಕೆ ಎಳೆದೆ ಅಂದ್ರ, 'ಸ್ವಭಾವ' ಅನ್ನೋ ಶಬ್ದ ನಮಗೆ ಹೊಸದಲ್ಲ. ಅದು ನಮ್ಮ ಬೆನ್ನಿನ ಮೇಲೆ ಬಹಳ ಹಳೆಯ ಬಾಸುಂಡೆ. ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ನಾಲ್ಕು ವರ್ಣದ ಕೆಲಸ ಹಂಚುವಾಗ ಬಳಸಿದ ಕಾರಣವೇ ಸ್ವಭಾವ. ಅವರ ಸ್ವಭಾವದಿಂದ ಅವರಿಗೆ ಆ ಕೆಲಸ, ಶೂದ್ರನ ಸ್ವಭಾವದಿಂದ ಅವನಿಗೆ ಸೇವೆ. ಆ ನಾಲ್ಕರೊಳಗೂ ನಮ್ಮನ್ನು ಸೇರಿಸಲಿಲ್ಲ, ಆ ಮಾತು ಬೇರೆ. ನಮ್ಮ ಅಜ್ಜ-ಮುತ್ತಜ್ಜರು ಸತ್ತ ದನ ಎಳೆದರೆ ಅದು ಅವರ ಸ್ವಭಾವ, ಕೈಕಟ್ಟಿ ನಿಂತರೆ ಅದು ಅವರ ಸ್ವಭಾವ, ಎದುರು ಮಾತಾಡಿದರೆ ಮಾತ್ರ ಸೊಕ್ಕು.

ಬಾಬಾಸಾಹೇಬರು 1936ರಲ್ಲಿ ಲಾಹೋರಿನ ಸಭೆಗೆ ಒಂದು ಭಾಷಣ ಬರೆದರು. ಕರೆದವರೇ ಹಿಂಜರಿದು ಸಭೆ ಕೈಬಿಟ್ಟರು. ಆಡಲಾಗದ ಆ ಭಾಷಣವೇ 'ಜಾತಿ ವಿನಾಶ' ಪುಸ್ತಕ. ಅದರಲ್ಲಿ ಚಾತುರ್ವರ್ಣ್ಯದ ವಿಚಾರ ಬಂದಾಗ ಅವರು ಗ್ರೀಸಿನ ಪ್ಲೇಟೋನನ್ನು ಎಳೆದು ತರುತ್ತಾರೆ. ಪ್ಲೇಟೋ ಮನುಷ್ಯರ ಸ್ವಭಾವ ನೋಡಿ ಮೂರು ವರ್ಗ ಮಾಡಿದ್ದ: ಆಸೆಯವರು ದುಡಿಯಲಿ, ಶೌರ್ಯದವರು ಕಾಯಲಿ, ಬುದ್ಧಿಯವರು ಆಳಲಿ ಅಂತ. ಬಾಬಾಸಾಹೇಬರು ಹೇಳುವ ಆಕ್ಷೇಪದ ಸಾರ ಇದು: ಒಬ್ಬೊಬ್ಬ ಮನುಷ್ಯನೂ ಬೇರೆಯೇ, ಅವನೊಳಗಿನ ಶಕ್ತಿ ನಾನಾ ಬಗೆಯದು. ಕೆಲವೇ ಕೆಲವು ಪೆಟ್ಟಿಗೆಯಲ್ಲಿ ಮನುಷ್ಯಕುಲವನ್ನು ತುಂಬಿಡುತ್ತೇವೆ ಅನ್ನೋದು ಮನುಷ್ಯನನ್ನು ಮೇಲೆ-ಮೇಲೆ ನೋಡಿದವರ ಮಾತು. ನಿಮ್ಮ ಮೊಬೈಲಿನ ಪರೀಕ್ಷೆ ಯಾರನ್ನೂ ಮೇಲೆ-ಕೆಳಗೆ ಕೂಡಿಸೋದಿಲ್ಲ, ಅದನ್ನು ಜಾತಿಗೆ ಹೋಲಿಸಿದರೆ ಅನ್ಯಾಯ ಆದೀತು. ಆದರೆ ಮೂರರ ಬದಲು, ನಾಲ್ಕರ ಬದಲು ಹದಿನಾರು ಪೆಟ್ಟಿಗೆ ಮಾಡಿದರೂ ಪೆಟ್ಟಿಗೆ ಪೆಟ್ಟಿಗೆಯೇ. ಆಟಕ್ಕೆ ಒಳಗೆ ಕೂಡ್ರಿ, ಮುಚ್ಚಳ ಹಾಕಿಸಿಕೊಳ್ಳಬ್ಯಾಡ್ರಿ.

ನಮ್ಮ ಅರಿಷಿಣದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಗಡ್ಡೆ ಕುದಿಸಿ, ಒಣಗಿಸಿ, ಪಾಲೀಶು ಮಾಡಿ, ಹಗೇವಿಗೆ ಹಾಕಿ ಬಾಯಿ ಮುಚ್ಚುತ್ತಾರೆ. ಹಂಗ ಮಾಡಿದ ಮೇಲೆ ತೆಗೆದು, ಇದು ಮೊಳೆಯುವ ಜಾತಿ ಅಲ್ಲ ಅಂದರೆ ಯಾವ ರೈತ ಒಪ್ಪುತ್ತಾನೆ? ಅದೇ ಹೊಲದ ಇನ್ನೊಂದು ಗಡ್ಡೆ, ಬೀಜಕ್ಕೆ ಅಂತ ಕುದಿಸದೆ ಇಟ್ಟದ್ದು, ಮಳೆ ಬಿದ್ದ ಮೇಲೆ ಎಲೆ ಬಿಟ್ಟು ನಿಂತಿರುತ್ತದೆ. ಕುದಿಸಿದವರು ಯಾರು ಅಂತ ಕೇಳದೆ ಗಡ್ಡೆಯ ಸ್ವಭಾವ ಹೇಳಬಾರದು.

ಈಗ ನಮ್ಮ ಓಣಿಯ ಶಾರದೆಯರ ಮಾತು. ಮುದುಕನಿಗೆ ಕೊಟ್ಟ ಹುಡುಗಿಯ ಮೇಲೆ ನಾಟಕ ಆಯಿತು, ಊರೂರಲ್ಲಿ ಕಣ್ಣೀರು ಹರಿಯಿತು. ದೇವರಿಗೆ ಬಿಟ್ಟ ಹುಡುಗಿಗೆ? ಮಿರಜ, ಜತ್ತ, ಅಥಣಿ, ಚಿಕ್ಕೋಡಿ ಕಡೆಯ ಎಷ್ಟೋ ಹಳ್ಳಿಗಳಿಂದ ದಲಿತರ ಹುಡುಗಿಯರನ್ನು ಸವದತ್ತಿ ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿ ಬಿಟ್ಟರು. ತಲೆಯಲ್ಲಿ ಜಡೆಗಂಟು ಬಿದ್ದರೆ ದೇವಿ ಕರೆದಾಳ ಅಂದರು. ಎಣ್ಣೆ-ನೀರು ಕಾಣದ ಕೂದಲಿಗೆ ಜಡೆ ಬಿದ್ದದ್ದು ಅಂತ ಹೇಳಲಿಲ್ಲ. ಆಮೇಲೆ ಆಕಿ ಹೊಟ್ಟೆಗಾಗಿ ಬದುಕಿದ ಬದುಕು ನೋಡಿ, "ಆಕಿ ಸ್ವಭಾವಽ ಹಂಗ" ಅಂದರು. ಅದೇ ಶಬ್ದ, ನೋಡಿದಿರಾ? ಇದನ್ನು ತಡೆಯುವ ಕಾನೂನು ಮುಂಬಯಿ ಪ್ರಾಂತದಲ್ಲಿ 1934ರಲ್ಲಿ, ಕರ್ನಾಟಕದಲ್ಲಿ 1982ರಲ್ಲಿ, ಮಹಾರಾಷ್ಟ್ರದಲ್ಲಿ 2005ರ ಕಾಯ್ದೆಯಾಗಿ ಬಂದವು. ಒಂದಾದ ಮೇಲೆ ಒಂದು ಕಾನೂನು ಮಾಡಬೇಕಾಯಿತು ಅಂದ್ರ, ಕಾಗದದ ಮೇಲಿನ ಬಾಗಿಲು ಓಣಿಯವರೆಗೆ ಬಂದು ಮುಟ್ಟಲಿಕ್ಕೆ ಎಷ್ಟು ದಿನ ಹಿಡಿಯುತ್ತದೆ ಅಂತ ತಿಳಿಯಿರಿ.

ಇದಕ್ಕೆ ಎದುರಾಗಿ ಇನ್ನೊಬ್ಬಾಕಿಯನ್ನು ಇಡುತ್ತೇನೆ. ದೇವಲರು ಇಲ್ಲಿ ಹುಟ್ಟಿದ ಅದೇ 1855ರಲ್ಲಿ ಪುಣೆಯ ಮುಕ್ತಾ ಸಾಳ್ವೆ ಅನ್ನೋ ಹುಡುಗಿಯ ನಿಬಂಧ 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ಮಾಂಗ ಜಾತಿಯ ಹುಡುಗಿ, ವಯಸ್ಸು ಹದಿನಾಲ್ಕರ ಆಸುಪಾಸು. ಮಾಂಗ-ಮಹಾರರ ದುಃಖದ ಮೇಲೆ ಬರೆದಳು. ವೇದ ಓದಲಿಕ್ಕೆ ನಮಗೆ ಹಕ್ಕಿಲ್ಲ ಅಂದರೆ ನಮ್ಮ ಧರ್ಮ ಯಾವುದು ಅಂತ ನೇರ ಕೇಳಿದಳು. ಆ ಕಾಲದಲ್ಲಿ ದೊಡ್ಡ ದೊಡ್ಡ ಪಂಡಿತರಿಗೆ ಇಲ್ಲದ ಎದೆ ಆ ಹುಡುಗಿಗೆ ಎಲ್ಲಿಂದ ಬಂತು? ಜೋತಿಬಾ-ಸಾವಿತ್ರಿಬಾಯಿಯವರ ಶಾಲೆಯಲ್ಲಿ ಆಕಿ ಮೂರು ವರ್ಷ ಕೂತಿದ್ದಳು. ಶಾಲೆಯ ಬಾಗಿಲು ತೆರೆದಾಗ ಒಳಗಿನ ಮಾತು ಹೊರಗೆ ಬಂತು. ಬಾಗಿಲು ಹಾಕಿದ್ದರೆ ಆಕಿಯನ್ನೂ ನಾವು ಇವತ್ತು 'ಶಾಂತ ಸ್ವಭಾವದಾಕಿ' ಅನ್ನುತ್ತಿದ್ದೆವು.

ಇಲ್ಲಿ ಮೂರನೆಯ ಪಂಗಡದ ಹುಡುಗಿಯರು ನನ್ನನ್ನು ಹಿಡಿಯುತ್ತಾರೆ, ನನಗೆ ಗೊತ್ತು. "ಎಲ್ಲಾ ಪರಿಸ್ಥಿತಿನೇ ಮಾಡತೈತಿ ಅಂದ್ರ ಮನಶ್ಯಾಗ ತನ್ನದು ಅಂತ ಏನೂ ಇಲ್ಲೇನ್ರಿ? ಒಂದಽ ಮನ್ಯಾಗ ಹುಟ್ಟಿದ ಅಕ್ಕ-ತಂಗಿ ಇಬ್ಬರೂ ಬ್ಯಾರೆ ಬ್ಯಾರೆ ಇರತಾರಲ್ಲ?" ಅಂತ ಕೇಳುತ್ತಾರೆ. ಹೌದವ್ವಾ, ಇರುತ್ತಾರೆ. ಸ್ವಭಾವ ಇಲ್ಲ ಅಂತ ನಾನು ಹೇಳುತ್ತಿಲ್ಲ. ಒಬ್ಬರಿಗೆ ಮಂದಿ ಬೇಕು, ಒಬ್ಬರಿಗೆ ಮೂಲೆ ಬೇಕು. ಒಬ್ಬರು ಸಿಟ್ಟನ್ನು ಕೂಡಲೇ ಆಡಿ ಮುಗಿಸುತ್ತಾರೆ, ಒಬ್ಬರು ನಾಲ್ಕು ದಿನ ಹೊತ್ತು ತಿರುಗುತ್ತಾರೆ. ಆದರೆ ಸ್ವಭಾವ ಅಳೆಯಬೇಕಾದದ್ದು ನಾಲ್ಕು ದಾರಿ ತೆರೆದಾಗ ಆಕಿ ಯಾವುದನ್ನು ಹಿಡಿದಳು ಅನ್ನೋದರಿಂದ. ದಾರಿ ಒಂದೇ ಇದ್ದಾಗ ಎಷ್ಟು ಜಾಗ ಉಳಿದಿತ್ತೋ ಅಷ್ಟರಲ್ಲಿ ಏನು ಮಾಡಿದಳು ಅಂತ ನೋಡಬೇಕು.

ಹಂಗ ನೋಡಿದರೆ ನನ್ನ ಲೆಕ್ಕದಲ್ಲಿ ಶಾರದಾ ದುರ್ಬಲಳಲ್ಲ. ಆಕಿ ಕೈಯಲ್ಲಿ ಉಳಿದಿದ್ದದ್ದು ಬಾಯಿ ಒಂದೇ. ಅದನ್ನು ಆಕಿ ಬಳಸಿದಳು. ಅಂಜಿಕೆ ಆಗತೈತಿ ಅಂದಳು, ಬ್ಯಾಡ ಅಂದಳು. ಸಾಹುಕಾರನ ಮನೆಯ ಬಂಗಾರಕ್ಕೆ ಮನಸ್ಸು ಸೋಲಲಿಲ್ಲ. ನೀವು ಅಳು ಅಂತ ಕರೆದದ್ದನ್ನು ಇನ್ನೊಮ್ಮೆ ಕಿವಿಗೊಟ್ಟು ಕೇಳಿದರೆ ಅದು ತಕರಾರು. ಬರೆದುಕೊಳ್ಳುವವರಿಲ್ಲದ ತಕರಾರು. ನಾಲ್ಕು ಅಕ್ಷರ ಕೊಡಲೇಬೇಕು ಅಂದರೆ ನಾನು ಕನ್ನಡದಲ್ಲಿ ಕೊಡುತ್ತೇನೆ: 'ಹೇಳಿದಾಕಿ'.

ಇನ್ನು ನಮ್ಮ ಕೆಲಸದ ಮಾತು. 1942ರ ಜುಲೈನಲ್ಲಿ ನಾಗಪುರದ ಮಹಿಳಾ ಪರಿಷತ್ತಿನಲ್ಲಿ ಬಾಬಾಸಾಹೇಬರು ನಮ್ಮ ತಾಯಂದಿರಿಗೆ, ಮಕ್ಕಳ ಮದುವೆಗೆ ಅವಸರ ಮಾಡಬೇಡಿ ಅಂದಿದ್ದರು. ಮದುವೆಯಾದ ಹೆಣ್ಣುಮಗಳು ಗಂಡನಿಗೆ ಗೆಳತಿಯಾಗಿ ಸಮನಾಗಿ ನಿಲ್ಲಬೇಕು, ಗುಲಾಮಳಾಗಬಾರದು ಅಂದಿದ್ದರು. ಆಮೇಲೆ ಹಿಂದೂ ಕೋಡ್ ಬಿಲ್ ಪಾಸಾಗಲಿಲ್ಲ ಅನ್ನೋದೂ ಸೇರಿ, 1951ರಲ್ಲಿ ಮಂತ್ರಿಪದ ಬಿಟ್ಟರು. ಈಗ 2006ರ ಕಾನೂನು ಇದೆ. ಹುಡುಗಿಗೆ ಹದಿನೆಂಟು, ಹುಡುಗನಿಗೆ ಇಪ್ಪತ್ತೊಂದು ತುಂಬದೆ ಮದುವೆ ಮಾಡಿಸಿದವರು ಅಪರಾಧಿಗಳು. ಮಕ್ಕಳ ಸಹಾಯಕ್ಕೆ 1098 ನಂಬರ್ ಇದೆ, ಕರೆ ಪುಕ್ಕಟೆ. ಮನಸ್ಸು ಕುಸಿದು ಹೊಳಿಯ ವಿಚಾರ ತಲೆಗೆ ಬಂದವರಿಗೆ 14416 ಇದೆ, ಅದೂ ಪುಕ್ಕಟೆ. ಈ ಎರಡೂ ನಂಬರನ್ನು ಸಂಘದ ಬಾಗಿಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಕನ್ನಡ-ಮರಾಠಿ ಎರಡರಲ್ಲೂ ಬರೆಸಿರಿ ಅಂತ ನನ್ನ ವಿನಂತಿ.

ನಂಬರ್ ಸಾಲೋದಿಲ್ಲ. ಹತ್ತನೇ ಇಯತ್ತೆ ಮುಗಿದ ಹುಡುಗಿಗೆ ಸಂಬಂಧ ಬಂದಾಗ, ಆಕಿ ಸುಮ್ಮನೆ ಇದ್ದರೆ, "ಹುಡುಗಿ ಒಪ್ಪ್ಯಾಳ, ಆಕಿ ಶಾಂತ ಸ್ವಭಾವದಾಕಿ" ಅನ್ನೋ ಮಾತು ನಮ್ಮ ಓಣಿಯಲ್ಲೂ ಬರುತ್ತದೆ. ನೆರೆಹೊರೆಯವರೇ, ಆವತ್ತು ಒಬ್ಬರಾದರೂ ಆಕಿಯ ಹತ್ತಿರ ಒಬ್ಬಾಕಿಯನ್ನೇ ಕೂಡಿಸಿಕೊಂಡು ಕೇಳಿರಿ. ಅವ್ವನ ಎದುರಿಗೆ ಅಲ್ಲ, ಅಪ್ಪನ ಎದುರಿಗೆ ಅಲ್ಲ. ಕಾಕಿಯಾಗಿ, ಮಾವಶಿಯಾಗಿ, ಅಕ್ಕಳಾಗಿ ಕೇಳಿರಿ. ಆಕಿ ಹೇಳಿದರೆ ಮುಂದಿನ ಹೆಜ್ಜೆಗೆ ಸಂಘದ ಹುಡುಗರು ಜೊತೆಗಿರಬೇಕು: ಶಾಲೆಯ ಮಾಸ್ತರರ ಹತ್ತಿರ, ಪಂಚಾಯತಿಗೆ, ಬೇಕಾದರೆ ಪೋಲೀಸ ಠಾಣೆಗೆ. ಇಂದಿರಾಳಿಗೆ ಒಬ್ಬ ಶ್ರೀಮಂತ ಅಮೃತರಾಯ ಸಿಕ್ಕ. ನಮ್ಮಲ್ಲಿ ಅಷ್ಟು ದೊಡ್ಡ ಮನೆ ಯಾರಿಗೂ ಇಲ್ಲ, ಆದರೆ ಐವತ್ತು ಮನೆ ಸೇರಿದರೆ ಒಂದು ಬಾಗಿಲು ಆಗುತ್ತದೆ.

ವಾದ ನಿಲ್ಲಿಸಬೇಡಿ. ಸಂಘದ ವಾಚನಾಲಯಕ್ಕೆ ದೇವಲರ ನಾಟಕ, ಗುಲ್ವಾಡಿಯವರ ಕಾದಂಬರಿ ಎರಡನ್ನೂ ತರಿಸಿ ಓದಿ. ಮುಂದಿನ ಸಲ ಶಾರದಾನ ಬಿಟ್ಟು ಬೇರೆಯವರನ್ನು ಹಿಡಿಯಿರಿ. ಮಗಳನ್ನು ಮಾರಿದ ಕಾಂಚನಭಟ್ಟನದು ಯಾವ ಟೈಪು? ಮನಸ್ಸಿಲ್ಲದೆಯೂ ಸುಮ್ಮನಾದ ಇಂದಿರಾಕಾಕುನದು? ದಲ್ಲಾಳಿ ಮಾಡಿದ ದೀಕ್ಷಿತನದು? ಅಕ್ಷತೆ ಹಿಡಿದು ಮಂಟಪಕ್ಕೆ ಬಂದ ಊರ ಮಂದಿಯದು? ಅವರೆಲ್ಲರಿಗೂ ಒಂದಕ್ಕಿಂತ ಹೆಚ್ಚು ದಾರಿ ಇದ್ದವು. ಅವರ ಸ್ವಭಾವವನ್ನು ಧಾರಾಳವಾಗಿ ಅಳೆಯಬಹುದು.

ಜೈ ಭೀಮ.